ಬಟ್ಟಲು ಎತ್ತಿ ನೋಡದ ಮಿಸ್ತ್ರಿ

"ಗುರುಗಳೇ, ತಪ್ಪು ಒಪ್ಪಿಕೊಂಡ ಮೇಲೂ ನಾಚಿಕೆ ಯಾಕೆ ಹೋಗುವುದಿಲ್ಲ?"

ಕೇಳಿದವನು ನಾನು. ಗುರುಗಳ ಎದುರು ಕೂತು ನೇರವಾಗಿ ಪ್ರಶ್ನೆ ಕೇಳುವ ಎದೆ ಆಗ ಮಠದಲ್ಲಿ ಇದ್ದದ್ದು ನನಗೊಬ್ಬನಿಗೇ. ಉಳಿದವರು ಬಾಗಿಲ ಬಳಿ ನಿಂತು ಕೆಮ್ಮಿ, ಕೈ ಹಿಸುಕಿಕೊಂಡು, ಕೊನೆಗೆ ಬೇರೇನೋ ಕೇಳಿ ಹೋಗುತ್ತಿದ್ದರು.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾವ ತಪ್ಪು, ದ್ಯಾವನಗೌಡ?"

ಹೇಳಿದೆ. ಹೋದ ಸೋಮವಾರ ದಾಸೋಹಕ್ಕೆ ಗೋದಿ ಹುಗ್ಗಿ ಇತ್ತು. ಮೂವತ್ತು ವರ್ಷದಿಂದ ಅಡುಗೆ ಮಾಡುತ್ತಿರುವ ಸಂಕವ್ವ ಹುಗ್ಗಿ ತಿರುವುವ ಕೆಲಸ ನನಗೆ ಬಿಟ್ಟು ಕಾಯಿ ತುರಿಯಲು ಹೋಗಿದ್ದಳು. ಅಷ್ಟರಲ್ಲಿ ಪಕ್ಕದ ಊರಿನ ನಾಲ್ಕು ಮಂದಿ ಅಂಗಳದಲ್ಲಿ ತಾಕತ್ತು ತೋರಿಸಲು ಎತ್ತುವ ಸಂಗ್ರಾಣಿ ಕಲ್ಲನ್ನು ಎತ್ತಲು ಒದ್ದಾಡುತ್ತಿದ್ದರು. ಅದನ್ನು ನೋಡಿಕೊಂಡು ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹೋಗಿ ಎತ್ತಿ ತೋರಿಸಿದೆ. ಎರಡು ಸಲ ಎತ್ತಿದೆ. ಒಂದೇ ಸಲ ಎತ್ತಿದ್ದರೆ ಹುಗ್ಗಿ ಉಳಿಯುತ್ತಿತ್ತೋ ಏನೋ. ಒಳಗೆ ತಳ ಹತ್ತಿತು.

ಪಂಕ್ತಿಯಲ್ಲಿ ಒಬ್ಬರು ಮೂಗು ಸೊಟ್ಟ ಮಾಡಿ, "ಹುಗ್ಗಿ ಸೀದಿದೆಯಲ್ಲ" ಎಂದರು. ಬಡಿಸುತ್ತಿದ್ದವನು ನಾನು. "ಸಂಕವ್ವನ ಮೂಗು ಸತ್ತು ಎಷ್ಟೋ ವರ್ಷ ಆಯಿತು, ಏನು ಮಾಡೋಣ ಹೇಳಿ" ಎಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ಸಂಕವ್ವ ನಿಂತಿದ್ದಳು. ಅವಳ ಕೈಯಲ್ಲಿ ತುಪ್ಪದ ತಂಬಿಗೆ ಇತ್ತು. ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು.

"ಆಮೇಲೆ?" ಎಂದರು ಗುರುಗಳು.

"ನಿನ್ನೆ ಕಟ್ಟಿಗೆ ಮನೆಯಲ್ಲಿ ಅವಳೊಬ್ಬಳೇ ಇದ್ದಾಗ ಹೋಗಿ ಕಾಲು ಮುಟ್ಟಿದೆ. ಹುಗ್ಗಿ ಸೀದದ್ದು ನನ್ನಿಂದ, ತಪ್ಪಾಯಿತು ಅಂದೆ. ಈ ಮಠದಲ್ಲಿ ಅಡುಗೆಯವಳ ಕಾಲು ಮುಟ್ಟಿದ ಇನ್ನೊಬ್ಬ ಗಂಡಸನ್ನು ತೋರಿಸಿ ನೋಡೋಣ. ಅವಳು, ‘ಇರಲಿ ಬಿಡಪ್ಪಾ’ ಅಂದಳು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ. ತುತ್ತು ಗಂಟಲಲ್ಲೇ ನಿಲ್ಲುತ್ತಿದೆ. ಇವತ್ತು ಮತ್ತೆ ಸೋಮವಾರ. ಹುಗ್ಗಿಗೆ ಕೈ ಹಚ್ಚುವುದಿಲ್ಲ ಅಂತ ಸಂಕವ್ವ ಬೆಳಿಗ್ಗೆಯೇ ಹೇಳಿದಳಂತೆ."

ಗುರುಗಳು ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟರು.

"ಊಟದ ಗಂಟೆಗೆ ಇನ್ನೂ ಸಮಯವಿದೆ. ಒಂದು ಕತೆ ಕೇಳು" ಎಂದು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಒಲೆ ಮಿಸ್ತ್ರಿ ಇದ್ದ. ಖಾನಾವಳಿಗಳಿಗೆ, ಹಾಸ್ಟೆಲ್‌ಗಳಿಗೆ ಪೆಲೆಟ್ ಒಲೆ ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕಸುಬು. ಶೇಂಗಾ ಹೊಟ್ಟು, ಮರದ ಪುಡಿ ಸೇರಿಸಿ ಯಂತ್ರದಲ್ಲಿ ಒತ್ತಿದರೆ ಬೆರಳ ತುದಿಯಷ್ಟು ಗುಳಿಗೆಗಳು ಬೀಳುತ್ತವೆ. ಅದೇ ಪೆಲೆಟ್. ಒಲೆಯ ಹೊಟ್ಟೆಯಲ್ಲಿ ಒಂದು ಕಬ್ಬಿಣದ ಬಟ್ಟಲು ಇರುತ್ತದೆ. ಬಟ್ಟಲಿನ ತಳದ ತುಂಬ ಸಣ್ಣ ಸಣ್ಣ ತೂತು. ಕೆಳಗಿನಿಂದ ಫ್ಯಾನು ಗಾಳಿ ಊದುತ್ತದೆ. ಗಾಳಿ ತೂತುಗಳಿಂದ ಮೇಲೆ ಬರುತ್ತದೆ. ಪೆಲೆಟ್ ಉರಿಯುತ್ತದೆ. ಒಲೆ ಎಂದರೆ ಇಷ್ಟೇ.

ಮಿಸ್ತ್ರಿಯ ಕೈ ಚೆನ್ನಾಗಿತ್ತು. ಬಾಯಿ ಅದಕ್ಕಿಂತ ಚೆನ್ನಾಗಿತ್ತು. ಬೀದಿಯಲ್ಲಿ ನಿಂತು ಹೊಗೆ ನೋಡಿದರೆ ಸಾಕು, ಒಳಗಿನ ಒಲೆಯ ರೋಗ ಹೇಳುತ್ತೇನೆ ಎನ್ನುತ್ತಿದ್ದ. ಕೆಲವು ಸಲ ಅದು ನಿಜವೂ ಆಗುತ್ತಿತ್ತು. ಯಾರನ್ನಾದರೂ ಏನಾದರೂ ಕೇಳಿದರೆ ತನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ ಎಂದು ಅವನು ತಿಳಿದಿದ್ದ. ಆದ್ದರಿಂದ ದಿನವಿಡೀ ಒಲೆಯ ಮುಂದೆ ಕೂರುವವರನ್ನು ಅವನು ಏನೂ ಕೇಳುತ್ತಿರಲಿಲ್ಲ.

ಅದೇ ಊರಿನಲ್ಲಿ ಒಬ್ಬಳು ಒಂದು ಖಾನಾವಳಿ ನಡೆಸುತ್ತಿದ್ದಳು. ಮಿಸ್ತ್ರಿ ಅಲ್ಲಿಗೆ ಒಂದು ಪೆಲೆಟ್ ಒಲೆ ಕೂರಿಸಿದ. ಮೊದಲ ದಿನ ರೊಟ್ಟಿ ಬಡಿಯುವ ಹೆಂಗಸು ಬಂದು ಒಲೆಯ ಸುತ್ತ ತಿರುಗಿ ನೋಡಿದಳು. ಅವಳು ಹುಟ್ಟಿದಾಗಿನಿಂದ ನೋಡಿದ್ದು ಮಣ್ಣಿನ ಒಲೆ. ಬೆಳಿಗ್ಗೆ ಎದ್ದು ಬೂದಿ ತೆಗೆದು, ಸಗಣಿ ಮತ್ತು ಕೆಮ್ಮಣ್ಣು ಕಲಸಿ ಒಲೆ ಸಾರಿಸದೆ ಬೆಂಕಿ ಹಚ್ಚುವ ಪದ್ಧತಿ ಅವಳಲ್ಲಿ ಇರಲಿಲ್ಲ.

"ಮಿಸ್ತ್ರಿಯವರ, ನಾವು ದಿನಾ ಒಲಿ ಸಾರಸ್ತೀವ್ರೀ. ಇದನ್ನೂ ಸಾರಸಬೋದೇನ್ರೀ?" ಎಂದು ಕೇಳಿದಳು.

ಮಿಸ್ತ್ರಿ ನಕ್ಕ. "ಸಾರಿಸವ್ವಾ. ಕುಂಕುಮ ಹಚ್ಚು, ರಂಗೋಲಿ ಹಾಕು. ನಾ ಕೂರಿಸಿದ ಒಲೆಗೆ ಏನೂ ಆಗೂದಿಲ್ಲ."

ಅಲ್ಲಿದ್ದವರು ನಕ್ಕರು. ಮಿಸ್ತ್ರಿ ಆ ಮಾತನ್ನು ಅಲ್ಲೇ ಮರೆತ. ಅವಳು ಮರೆಯಲಿಲ್ಲ.

ಮೊದಲ ತಿಂಗಳು ಒಲೆ ಒಂದು ಕಡ್ಡಿಗೆ ಹೊತ್ತುತ್ತಿತ್ತು. ಎರಡನೆಯ ತಿಂಗಳು ಎರಡು ಕಡ್ಡಿ ಬೇಕಾಯಿತು. ನಾಲ್ಕನೆಯ ತಿಂಗಳಿಗೆ ಕರ್ಪೂರ ಇಟ್ಟರೂ, ಸೀಮೆಎಣ್ಣೆಯ ಬಟ್ಟೆ ಇಟ್ಟರೂ ಹೊಗೆಯೇ ಹೊರತು ಉರಿ ಇಲ್ಲ. ಮಧ್ಯಾಹ್ನದ ಊಟಕ್ಕೆ ಬಂದವರು ಕಣ್ಣೊರೆಸಿಕೊಂಡು ಕಾಯುತ್ತಿದ್ದರು. ಒಡತಿ ಮಿಸ್ತ್ರಿಗೆ ಹೇಳಿ ಕಳಿಸಿದಳು.

ಮಿಸ್ತ್ರಿ ಬಂದ. ಖಾನಾವಳಿ ತುಂಬಿತ್ತು. ಅಷ್ಟು ಜನರ ಎದುರು ಮಂಡಿಯೂರಿ ಕೂತು, ಒಲೆ ಬಿಚ್ಚಿ, ಕೈ ಮಸಿ ಮಾಡಿಕೊಳ್ಳುವುದು ಅವನಿಗೆ ಸರಿ ಕಾಣಲಿಲ್ಲ. ನಿಂತಲ್ಲಿಂದಲೇ ಬಗ್ಗಿ ನೋಡಿದ. ಬಟ್ಟಲಿನಲ್ಲಿ ಬೂದಿ ಕಾಣಿಸಿತು. ಬೂದಿ ಎಲ್ಲ ಒಲೆಯಲ್ಲೂ ಇರುತ್ತದೆ. ಫ್ಯಾನಿನ ಸದ್ದು ಕೇಳಿಸಿತು. ಫ್ಯಾನು ತಿರುಗುತ್ತಿದೆ ಎಂದರೆ ಗಾಳಿ ಇದೆ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಪೆಲೆಟ್ ತೆಗೆದ. ಮೂಸಿದ.

"ಒಲೆಗೇನೂ ಆಗಿಲ್ಲ. ಪೆಲೆಟ್‌ನಲ್ಲಿ ಮಣ್ಣು ಬೆರೆಸಿದ್ದಾರೆ" ಎಂದ.

ರೊಟ್ಟಿಯ ಹೆಂಗಸು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಮಿಸ್ತ್ರಿಯವರ, ನಾ ದಿನಾ ಬೆಳಗ್ಗೆ..." ಎಂದು ಏನೋ ಹೇಳಹೊರಟಳು.

"ನೀ ರೊಟ್ಟಿ ನೋಡಿಕೋ ಯವ್ವಾ. ಒಲೆ ನಾ ನೋಡಿಕೊಳ್ಳುತ್ತೇನೆ" ಎಂದ ಮಿಸ್ತ್ರಿ.

ಅವಳು ಹೋಗಿ ಕೂತಳು.

ಇಲ್ಲಿ ನಾನು ಸುಮ್ಮನಿರಲಾಗದೆ ಬಾಯಿ ಹಾಕಿದೆ. "ಎಂಥ ಮಿಸ್ತ್ರಿ ಗುರುಗಳೇ ಅವನು. ನಾನಾಗಿದ್ದರೆ ಮೊದಲು ಬಟ್ಟಲು ಎತ್ತಿ ನೋಡುತ್ತಿದ್ದೆ. ಅದಕ್ಕೆ ಮಿಸ್ತ್ರಿಯೇ ಆಗಬೇಕೇ?"

ಗುರುಗಳು ನನ್ನ ಮಾತು ಮುಗಿಯುವವರೆಗೆ ಕಾದರು. ಮುಂದುವರಿಸಿದರು.

ಪೆಲೆಟ್ ಮಾಡುವವನು ಹತ್ತಿರದ ಹಳ್ಳಿಯವನು. ಒಂದೇ ಯಂತ್ರ ಇಟ್ಟುಕೊಂಡು ಗಂಡ ಹೆಂಡತಿ ಇಬ್ಬರೇ ದುಡಿಯುತ್ತಿದ್ದರು. ಹೊಟ್ಟನ್ನು ಮೂರು ಸಲ ಜರಡಿ ಹಿಡಿಯುವ ಅಭ್ಯಾಸ ಅವರದು. ಮಾತು ಕಡಿಮೆ. ಮರುದಿನ ಮಧ್ಯಾಹ್ನ ಅವನು ಎಂದಿನಂತೆ ಚೀಲಗಳನ್ನು ಹೇರಿಕೊಂಡು ಖಾನಾವಳಿಯ ಮುಂದೆ ಟೆಂಪೊ ನಿಲ್ಲಿಸಿದ. ಮಿಸ್ತ್ರಿ ಅಲ್ಲೇ ಇದ್ದ. ಅವನಿಗಾಗಿಯೇ ಕಾದಿದ್ದ.

"ಬಾ ಸಾಹುಕಾರ. ನಿನ್ನ ಸರಕನ್ನು ಸ್ವಲ್ಪ ಪರೀಕ್ಷೆ ಮಾಡೋಣ" ಎಂದು ಮಿಸ್ತ್ರಿ ಒಂದು ಗಾಜಿನ ಲೋಟದಲ್ಲಿ ನೀರು ತರಿಸಿದ. ಉಣ್ಣುತ್ತಿದ್ದವರು ತಿರುಗಿ ಕೂತರು. ಮಿಸ್ತ್ರಿ ಒಂದು ಪೆಲೆಟ್ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದು ನೀರಿಗೆ ಬಿಟ್ಟ. ಅದು ನೇರವಾಗಿ ತಳಕ್ಕೆ ಹೋಯಿತು.

"ಕಟ್ಟಿಗೆ ನೀರಲ್ಲಿ ಏನು ಮಾಡುತ್ತದೆ?" ಎಂದು ಮಿಸ್ತ್ರಿ ಜನರನ್ನು ಕೇಳಿದ.

"ತೇಲುತ್ತದೆ" ಎಂದರು ಜನ.

"ಹೊಟ್ಟು?"

"ಅದೂ ತೇಲುತ್ತದೆ."

"ಮುಳುಗುವುದು ಏನು?"

ಒಬ್ಬ, "ಮಣ್ಣು" ಎಂದ. ಉಳಿದವರು ತಲೆಯಾಡಿಸಿದರು.

ಪೆಲೆಟ್‌ನವನು ಲೋಟ ನೋಡಿದ. "ಮಿಸ್ತ್ರಿ, ಬಿಗಿಯಾಗಿ ಒತ್ತಿದ್ದು ಮುಳುಗುತ್ತದೆ. ತೇಲಿದರೆ ಅದು ಸರಿಯಾಗಿ ಒತ್ತಿದ್ದಲ್ಲ ಅಂತ ಅರ್ಥ" ಎಂದ.

ಜನ ಗೊಳ್ಳೆಂದು ನಕ್ಕರು. ಒಬ್ಬ ರೊಟ್ಟಿಯ ತುಂಡು ಬಾಯಲ್ಲಿಟ್ಟುಕೊಂಡೇ, "ಹಂಗಾರ ಕಲ್ಲು ಎಲ್ಲಕ್ಕಿಂತ ಚಲೋ ಪೆಲೆಟ್ ಅನ್ನು" ಎಂದ. ಮತ್ತೆ ನಕ್ಕರು.

ಪೆಲೆಟ್‌ನವನು ಹೇಳಿದ್ದು ನಿಜ. ಮಿಸ್ತ್ರಿಗೆ ಅದು ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಆದರೆ ಜನ ತನ್ನ ಪರವಾಗಿ ನಗುತ್ತಿರುವಾಗ ಯೋಚನೆ ಮಾಡುವವರು ಕಡಿಮೆ.

ನಗು ನಿಂತ ಮೇಲೆ ಪೆಲೆಟ್‌ನವನು ಒಂದೇ ಮಾತು ಕೇಳಿದ. "ಬಟ್ಟಲು ಎತ್ತಿ ನೋಡಿದಿರೇನು?"

"ನೀ ಹೊಟ್ಟು ಜರಡಿ ಹಿಡಿಯುವುದು ಕಲಿಯುವ ಮೊದಲೇ ನಾ ನೂರು ಬಟ್ಟಲು ಎತ್ತಿದ್ದೇನೆ" ಎಂದ ಮಿಸ್ತ್ರಿ. ಈ ಬಟ್ಟಲು ಎತ್ತಿದ್ದೇನೆ ಎನ್ನಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ.

ಒಡತಿ ಗಲ್ಲೆಯ ಹಿಂದೆ ಎದ್ದು ನಿಂತಿದ್ದಳು. ಅವಳು ಕೆಟ್ಟವಳಲ್ಲ. ಆದರೆ ಜನ ನೋಡುತ್ತಿದ್ದರು. "ಚೀಲ ಇಳಿಸಬ್ಯಾಡಪ್ಪ" ಎಂದಳು.

ಆಗಲೇ ಇಳಿಸಿದ್ದ ಎರಡು ಚೀಲಗಳನ್ನು ಅವನು ಮತ್ತೆ ಟೆಂಪೊಗೆ ಎತ್ತಿದ. ಒಂದು ಚೀಲದ ಬಾಯಿ ಬಿಚ್ಚಿಕೊಂಡು ಪೆಲೆಟ್ ಬೀದಿಗೆ ಚೆಲ್ಲಿತು. ಅವನು ಕೂತು ಅಷ್ಟನ್ನೂ ಆಯ್ದುಕೊಂಡ. ಆಯುವಾಗ ಒಳಗೆ ಮಣ್ಣು ಸೇರದಂತೆ ಒಂದೊಂದನ್ನೂ ಊದಿ ಹಾಕಿದ. ಜನ ಅದಕ್ಕೂ ನಕ್ಕರು.

ಮಾತು ಊರಲ್ಲಿ ಹರಡಿತು. ಉಳಿದ ಖಾನಾವಳಿಯವರು ಅವನನ್ನು ಬಿಟ್ಟರು. ಹಾಸ್ಟೆಲ್‌ನವರು ಬಿಟ್ಟರು. ಅವನಿಗೆ ಮಣ್ಣಿನ ಸಾಹುಕಾರ ಎಂದು ಹೆಸರು ಬಿತ್ತು. ಯಂತ್ರ ನಿಂತಿತು. ಆ ತಿಂಗಳಲ್ಲೇ ಅವನ ಮಗಳ ನಿಶ್ಚಯ ಕಾರ್ಯವಿತ್ತು. ಗಂಡಿನ ಕಡೆಯವನೊಬ್ಬ ಊಟಕ್ಕೆ ಕೂತು, ಎಲೆಯಿಂದ ಒಂದು ಅಗುಳು ಅನ್ನ ತೆಗೆದು ನೀರಿನ ಲೋಟಕ್ಕೆ ಬಿಟ್ಟ. ತಮಾಷೆಗೆ ಬಿಟ್ಟ. ಅಗುಳು ಮುಳುಗಿತು. ಬಡಿಸುತ್ತಿದ್ದ ಮಗಳು ಅದನ್ನು ನೋಡಿದಳು. ಅವಳ ಅಪ್ಪ ಮಗಳು ನೋಡಿದ್ದನ್ನು ನೋಡಿದ.

ಖಾನಾವಳಿಯ ಒಲೆ ಮಾತ್ರ ಹೊತ್ತಲಿಲ್ಲ. ಬೇರೆಯವರ ಪೆಲೆಟ್ ತರಿಸಿದರು. ಹೊಗೆ ಹೆಚ್ಚಾಯಿತು. ಮಿಸ್ತ್ರಿ ಫ್ಯಾನು ಬದಲಿಸಿದ. ಹೊಗೆಯ ಕೊಳವೆ ಬಿಚ್ಚಿ ಬಡಿದು ಕೂರಿಸಿದ. ಕರೆಂಟು ಸರಿಯಿಲ್ಲ ಎಂದ. ಹವಾ ತಂಡಿ ಇದೆ ಎಂದ. ಪ್ರತಿ ಸಲವೂ ಎಲ್ಲವನ್ನೂ ಮುಟ್ಟಿದ, ಬಟ್ಟಲೊಂದನ್ನು ಬಿಟ್ಟು. ಅದನ್ನು ಎತ್ತು ಎಂದು ಹೇಳಿದವನು ಪೆಲೆಟ್‌ನವನು. ಎತ್ತಿದರೆ ಅವನ ಮಾತು ಕೇಳಿದಂತಾಗುತ್ತಿತ್ತು.

ಕೊನೆಗೆ ಒಂದು ದಿನ ಊಟದ ಹೊತ್ತು ಮುಗಿದು ಖಾನಾವಳಿ ಖಾಲಿಯಾಗಿತ್ತು. ರೊಟ್ಟಿಯ ಹೆಂಗಸು ಮನೆಗೆ ಹೋಗಿದ್ದಳು. ಒಡತಿ ಗಲ್ಲೆಗೆ ಒರಗಿ ಕಣ್ಣು ಮುಚ್ಚಿದ್ದಳು. ಯಾರೂ ನೋಡುತ್ತಿರಲಿಲ್ಲ. ಮಿಸ್ತ್ರಿ ಮಂಡಿಯೂರಿ ಕೂತು ಬಟ್ಟಲಿಗೆ ಕೈ ಹಾಕಿ ಎತ್ತಿದ. ಅದು ಎಂದಿಗಿಂತ ಭಾರವಿತ್ತು. ತಿರುವಿ ನೋಡಿದ.

ತಳದಲ್ಲಿ ಒಂದು ತೂತೂ ಇರಲಿಲ್ಲ. ಇದ್ದ ಜಾಗದಲ್ಲೆಲ್ಲ ಕೆಮ್ಮಣ್ಣು. ಬೆರಳಚ್ಚು ಕೂಡ ಕಾಣುತ್ತಿತ್ತು. ಮೂರು ಬೆರಳು ಎಡದಿಂದ ಬಲಕ್ಕೆ ನೀಟಾಗಿ ಸಾರಿಸಿದ ಗುರುತು. ಬೆಳಿಗ್ಗೆ ಬೂದಿ ಕೊಡವಿ, ಬಟ್ಟಲಿನ ಒಳಗೂ ಹೊರಗೂ ತೆಳ್ಳಗೆ ಒಂದು ಕೈ ಮಣ್ಣು. ಹೀಗೆ ದಿನಕ್ಕೊಂದು ಪದರ, ನಾಲ್ಕು ತಿಂಗಳಿಗೂ ಹೆಚ್ಚು. ಮಣ್ಣಿನ ಒಲೆಯಲ್ಲಿ ಬಿರುಕು ಕಂಡರೆ ಮುಚ್ಚಬೇಕು. ಅವಳು ಮುಚ್ಚಿದ್ದಳು. ಕೇಳಿಯೇ ಮುಚ್ಚಿದ್ದಳು.

ಅವನು ಮರೆತಿದ್ದ ಮಾತು ಆಗ ನೆನಪಾಯಿತು. ಸಾರಿಸವ್ವಾ, ಏನೂ ಆಗೂದಿಲ್ಲ.

ಮಿಸ್ತ್ರಿ ನೆಲದ ಮೇಲೆ ಪೇಪರು ಹಾಸಿ, ಒಂದು ಮೊಳೆ ಹಿಡಿದು ತೂತುಗಳನ್ನು ಒಂದೊಂದಾಗಿ ಬಿಡಿಸಿದ. ಪೇಪರಿನ ಮೇಲೆ ಒಂದು ಬೊಗಸೆಗಿಂತ ಹೆಚ್ಚು ಮಣ್ಣು ಬಿತ್ತು. ಬಟ್ಟಲು ಕೂರಿಸಿ, ಪೆಲೆಟ್ ಹಾಕಿ, ಒಂದು ಕಡ್ಡಿ ಗೀರಿದ. ಒಲೆ ಒಂದೇ ಉಸಿರಿಗೆ ಹೊತ್ತಿಕೊಂಡಿತು.

ಉರಿಯ ಸದ್ದಿಗೆ ಒಡತಿ ಕಣ್ಣು ಬಿಟ್ಟಳು. ಎದುರಿನ ಅಂಗಡಿಯವರು ಬಂದರು. ಚಹಾಕ್ಕೆ ಬಂದ ನಾಲ್ಕು ಜನ ಸೇರಿದರು. ಒಡತಿ ಒಲೆ ನೋಡಿದಳು, ಆಮೇಲೆ ಪೇಪರು ನೋಡಿದಳು.

"ಏನಾಗಿತ್ತು ಮಿಸ್ತ್ರಿ?"

ಹೇಳುವ ಮಾತು ಅವನ ನಾಲಿಗೆಯ ಮೇಲೇ ಇತ್ತು. ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಗಾಳಿ ಕಟ್ಟಿತ್ತು. ಬಿಡಿಸಿದೆ" ಎಂದ.

ಅದು ಸುಳ್ಳಲ್ಲ. ಅಷ್ಟಕ್ಕೇ ನಿಂತಿದ್ದರೆ ಅದು ಅರ್ಧ ಮೌನ ಮಾತ್ರ ಆಗುತ್ತಿತ್ತು. ಆದರೆ ಎದುರಿನ ಅಂಗಡಿಯವನು ಪೇಪರಿನ ಮೇಲಿನ ಮಣ್ಣನ್ನು ಬೆರಳಲ್ಲಿ ತಿರುವಿ, "ನೋಡ್ರೀ ಇಲ್ಲಿ. ಎಷ್ಟು ಮಣ್ಣು ತಿನಿಸಿದ್ದಾನೆ ಆ ಮಣ್ಣಿನ ಸಾಹುಕಾರ" ಎಂದ. ಒಡತಿ ಹೌದೆಂದಳು. ಮಿಸ್ತ್ರಿ ಮೊದಲೇ ಹೇಳಿದ್ದ, ಹೇಳಿದಂತೆಯೇ ಆಯಿತು ಎಂದಳು. ಪೇಪರು ಕೈಯಿಂದ ಕೈಗೆ ಹೋಯಿತು. ಎಲ್ಲರೂ ನೋಡಿದರು.

ಮಿಸ್ತ್ರಿ ಸುಮ್ಮನಿದ್ದ.

ಒಡತಿ ತಾನೇ ಬಡಿದು ಅವನಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಗಡಿಗೆಯ ಮೇಲಿನ ಗಟ್ಟಿ ಮೊಸರು ತಂದಿಟ್ಟಳು. ಅವನು ರೊಟ್ಟಿ ಮುರಿದ. ತುತ್ತು ಗಂಟಲಲ್ಲಿ ನಿಂತಿತು.

ಇದನ್ನು ಹೇಳುವಾಗ ಗುರುಗಳು ನನ್ನ ಕಡೆ ನೋಡಲಿಲ್ಲ. ಆದರೂ ನನ್ನ ಬಾಯಿ ನನ್ನ ಕೈಯಲ್ಲಿರಲಿಲ್ಲ. "ಅವನು ಅಲ್ಲೇ ಹೇಳಿಬಿಡಬೇಕಿತ್ತು. ಒಂದು ಮಾತು ತಾನೇ" ಎಂದೆ. ಮಾತು ಶುರುವಾದಾಗ ನನ್ನ ದನಿ ಎಂದಿನಂತೆ ದೊಡ್ಡದಿತ್ತು. ಮುಗಿಯುವಾಗ ಇರಲಿಲ್ಲ.

ಗುರುಗಳು ಇನ್ನೊಂದು ಬತ್ತಿ ಕೈಗೆ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಮಿಸ್ತ್ರಿ ರೊಟ್ಟಿಯ ಹೆಂಗಸನ್ನು ಹಿತ್ತಲಿಗೆ ಕರೆದು, "ಇನ್ನು ಮುಂದೆ ಹೊರಗಷ್ಟೇ ಸಾರಿಸು ಯವ್ವಾ. ಬಟ್ಟಲಿಗೆ ಮಣ್ಣು ಹಚ್ಚಬೇಡ" ಎಂದ.

"ಏನೂ ಆಗೂದಿಲ್ಲ ಅಂತ ನೀವ ಹೇಳಿದ್ರೆಲ್ರೀ" ಎಂದಳು ಅವಳು. ಆಮೇಲೆ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಹಂಗಾರ ನಿನ್ನೆ ಪೇಪರದಾಗ ಇತ್ತಂತಲ್ರೀ ಮಣ್ಣು, ಅದು..." ಎಂದು ನಿಂತಳು.

ಅವಳು ಪೂರ್ತಿ ಕೇಳಲಿಲ್ಲ. ಅವಳಿಗೆ ಕೆಲಸ ಬೇಕಿತ್ತು. ಅವನು ಪೂರ್ತಿ ಹೇಳಲಿಲ್ಲ. ಅವನಿಗೆ ಹೆಸರು ಬೇಕಿತ್ತು. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.

ಅಂದಿನಿಂದ ಮಿಸ್ತ್ರಿ ಎಲ್ಲಿ ಹೋದರೂ ಜನ ಆ ಕತೆಯನ್ನು ಅವನಿಗೇ ಹೇಳುತ್ತಿದ್ದರು. ನೀನಿಲ್ಲದಿದ್ದರೆ ಆ ಕಳ್ಳ ಇಡೀ ಊರಿಗೆ ಮಣ್ಣು ತಿನಿಸುತ್ತಿದ್ದ ಎನ್ನುತ್ತಿದ್ದರು. ಒಬ್ಬರು ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಹೊಗಳುವವರಿಗೆ ಏನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ನೀರಿನ ಲೋಟ ಕಂಡರೆ ಮುಖ ತಿರುಗಿಸುತ್ತಿದ್ದ. ಹೋಟೆಲಿನಲ್ಲಿ ಕೂತರೆ ಕೈಯಲ್ಲೇ ನೀರು ಕುಡಿದು ಏಳುತ್ತಿದ್ದ.

ಕೊನೆಗೆ ಒಂದು ಅಮಾವಾಸ್ಯೆಯ ಬೆಳಿಗ್ಗೆ, ಕೆಲಸಕ್ಕೆ ರಜೆ ಇದ್ದ ದಿನ, ಅವನು ಪೆಲೆಟ್‌ನವನ ಹಳ್ಳಿಗೆ ಹೋದ. ಯಂತ್ರದ ಮೇಲೆ ಚೀಲ ಹೊದಿಸಿತ್ತು. ಜರಡಿ ಗೋಡೆಗೆ ತೂಗುಹಾಕಿತ್ತು. ಗಂಡ ಹೆಂಡತಿ ಅಂಗಳದಲ್ಲಿ ಕೂತು ಬೇರೆಯವರ ಶೇಂಗಾ ಒಡೆಯುತ್ತಿದ್ದರು. ಮಿಸ್ತ್ರಿಯನ್ನು ನೋಡಿ ಹೆಂಡತಿ ಎದ್ದು ಒಳಗೆ ಹೋದಳು.

ಮಿಸ್ತ್ರಿ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ನಿಂತೇ ಎಲ್ಲವನ್ನೂ ಹೇಳಿದ. ಬಟ್ಟಲು ಎತ್ತಿ ನೋಡದೆ ಹೇಳಿದ್ದು, ಲೋಟದ ಪರೀಕ್ಷೆ ಸುಳ್ಳೆಂದು ಆಮೇಲೆ ತಿಳಿದದ್ದು, ಮಣ್ಣು ಯಾರು ಹಚ್ಚಿದ್ದು, ಹಚ್ಚು ಎಂದವರು ಯಾರು, ಎಲ್ಲ. ಒಂದನ್ನೂ ಮುಚ್ಚಲಿಲ್ಲ. ಹೇಳುತ್ತ ಹೇಳುತ್ತ ಅತ್ತ. ಅಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಮೂಗು ಒರೆಸಿಕೊಳ್ಳಲು ಬಟ್ಟೆ ಸಿಗದೆ ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

ಪೆಲೆಟ್‌ನವನು ಶೇಂಗಾ ಒಡೆಯುವುದನ್ನು ನಿಲ್ಲಿಸದೆ ಕೇಳಿದ. ಕೇಳಿ ಮುಗಿದ ಮೇಲೆ ಒಳಗೆ ಕೂಗಿ ಮಜ್ಜಿಗೆ ತರಿಸಿದ. ಹೆಂಡತಿ ತಂದು ದೂರದಲ್ಲಿಟ್ಟು ಹೋದಳು. ಮಿಸ್ತ್ರಿ ಕುಡಿದ. ಎದೆ ಹಗುರವಾಯಿತು ಅನಿಸಿತು. ಕೈ ಮುಗಿದು ಹೊರಟ.

ಅಂಗಳ ದಾಟುವಾಗ ಪೆಲೆಟ್‌ನವನು ಹಿಂದಿನಿಂದ ಕರೆದ.

"ಮಿಸ್ತ್ರಿ, ನನ್ನ ಪೆಲೆಟ್‌ನಲ್ಲಿ ಮಣ್ಣು ಇರಲಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ನನ್ನ ಹೆಂಡತಿಗೂ ಗೊತ್ತಿತ್ತು. ಅದನ್ನು ನಮಗೆ ಹೇಳುವುದಕ್ಕೆ ನೀವು ಇಷ್ಟು ದೂರ ಬಂದಿರೇ?"

ಮಿಸ್ತ್ರಿ ನಿಂತ. ತಿರುಗಿ ನೋಡುವುದು ಅವನಿಂದಾಗಲಿಲ್ಲ. ಪೆಲೆಟ್‌ನವನು ಮತ್ತೆ ಶೇಂಗಾ ಒಡೆಯತೊಡಗಿದ ಸದ್ದು ಕೇಳಿಸಿತು. ಮಿಸ್ತ್ರಿ ನಡೆದ. ಹಳ್ಳಿಯ ತಿರುವಿನವರೆಗೆ ಇದ್ದ ಹಗುರ ಊರು ಹತ್ತಿರವಾದಂತೆ ಹೋಯಿತು. ಖಾನಾವಳಿಯ ಬೋರ್ಡು ಕಂಡಿತು. ಒಳಗೆ ಜನ ಊಟಕ್ಕೆ ಕೂತಿದ್ದರು. ಅಂದು ನಕ್ಕವರಲ್ಲಿ ಅರ್ಧ ಜನ ಅಲ್ಲೇ ಇದ್ದರು. ಬಾಗಿಲ ಪಕ್ಕದ ಮೇಜಿನ ಮೇಲೆ ನೀರು ತುಂಬಿದ ಗಾಜಿನ ಲೋಟಗಳು ಸಾಲಾಗಿದ್ದವು. ಮಿಸ್ತ್ರಿ ಹೊಸ್ತಿಲ ಹೊರಗೆ ನಿಂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬತ್ತಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ನಾನು ಕಾದೆ. ಕತೆಯ ಉದ್ದಕ್ಕೂ ಮಿಸ್ತ್ರಿಗೆ ಬುದ್ಧಿ ಹೇಳುತ್ತ ಬಂದವನು ನಾನು. ಬಟ್ಟಲು ಎತ್ತಬೇಕಿತ್ತು ಎಂದವನು ನಾನು. ಒಂದು ಮಾತು ತಾನೇ ಎಂದವನೂ ನಾನೇ. ಕಟ್ಟಿಗೆ ಮನೆಯಲ್ಲಿ ಸಂಕವ್ವ ‘ಇರಲಿ ಬಿಡಪ್ಪಾ’ ಎಂದಾಗ ಅವಳು ನನ್ನ ಮುಖ ನೋಡದೆ ಕಟ್ಟಿಗೆಯ ರಾಶಿ ನೋಡುತ್ತಿದ್ದಳು. ಅದು ಈಗ ನೆನಪಾಯಿತು. ಹುಗ್ಗಿ ಬಿಟ್ಟು ಹೋದದ್ದು ನಾನೆಂದು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ಸೀದ ವಾಸನೆ ಮೊದಲು ಹಿಡಿದು ಒಳಗೆ ಓಡಿ ಬಂದವಳು ಅವಳೇ.

ದಾಸೋಹದ ಗಂಟೆ ಹೊಡೆಯಿತು. ಅಂಗಳದಲ್ಲಿ ಎಲೆ ಹಾಸುವ ಸದ್ದು, ಜನ ಸಾಲಾಗಿ ಕೂರುವ ಸದ್ದು. ಯಾರೋ ಒಬ್ಬ, "ಇವತ್ತಾದರೂ ಹುಗ್ಗಿ ಮೂಸಿ ಇಳಿಸಿದ್ದಾಳೇನು ಅಜ್ಜಿ?" ಎಂದ. ನಗು ಕೇಳಿಸಿತು. ಅದು ನಾನು ಹೋದ ವಾರ ಬಡಿಸಿದ ನಗು.

ಸಂಗ್ರಾಣಿ ಕಲ್ಲು ಎರಡು ಸಲ ಎತ್ತಿದ ನನ್ನ ತೋಳು ತೊಡೆಯ ಮೇಲಿನಿಂದ ಏಳಲಿಲ್ಲ. ಆದರೂ ಕೇಳಿದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಗುರುಗಳೇ, ಮಿಸ್ತ್ರಿ ಒಳಗೆ ಹೋದನೇ?"

ಗುರುಗಳು ಅಂಗಳದ ಕಡೆಗಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತರು.

"ಪಂಕ್ತಿ ಕೂತಿದೆ, ದ್ಯಾವನಗೌಡ. ಅವನು ಹೋದನೋ ಇಲ್ಲವೋ, ನೀನೇ ಬಂದು ನನಗೆ ಹೇಳು."